ಕೂಸಿನ ಕಿವಿ, ಸೋದರತ್ತೆಯ ಬೆನ್ನು

ನೀವು ನಂಬುವುದಿಲ್ಲ, ಅದು ನನಗೆ ಗೊತ್ತು. ಕಾಲೇಜಿನಲ್ಲಿ ಮೊದಲ ಸಲ ಇದನ್ನು ಹೇಳಿದಾಗ ನನ್ನ ಬೆಂಚಿನವರೇ ನಂಬದೆ ಅರ್ಧದಲ್ಲಿ ಎದ್ದು ಮಿರ್ಚಿ ಭಜಿ ತಿನ್ನಲು ಹೋದರು. ಆದರೂ ಹೇಳುತ್ತೇನೆ. ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಒಂದು ಕೂಸು ಕೆನಡಾಕ್ಕೆ ಹೋಗಬೇಕೋ ಬೇಡವೋ ಅನ್ನುವುದು ದಿಲ್ಲಿಯಲ್ಲಿ ತೀರ್ಮಾನವಾಗಲಿಲ್ಲ, ಕೆನಡಾದಲ್ಲೂ ಆಗಲಿಲ್ಲ. ಅದು ಭಾಲ್ಕಿಯ ಒಬ್ಬ ಟೀಚರಮ್ಮನ ಬೆನ್ನಿನ ಮೇಲೆ ಬಂದು ನಿಂತಿತ್ತು. ಬೆನ್ನು ಅಂದರೆ ನಿಜವಾದ ಬೆನ್ನು, ಸೆರಗು ಹೊದ್ದುಕೊಂಡ ಬೆನ್ನು. ಅಲ್ಲಲ್ಲಿ ನಾನು ಇದ್ದದ್ದನ್ನು ಸ್ವಲ್ಪ ದೊಡ್ಡದಾಗಿ ಎಳೆದಿದ್ದೇನೆ. ಎಲ್ಲಿ ಎಂದು ಕೇಳಬೇಡಿ. ನಿಮಗೆ ಯಾವ ಮಾತನ್ನು ನಂಬಲಾಗುವುದಿಲ್ಲವೋ ಅದೇ ಖರೆ ಇರುತ್ತದೆ.

ಮೊದಲು ನಮ್ಮ ಮನೆ. ಬೀದರಿನಲ್ಲಿ ಚರ್ಚಿನ ಹಿಂದಿನ ಓಣಿ. ನಮ್ಮ ಮನೆಯಲ್ಲಿ ನರ್ಸುಗಳು ಎಷ್ಟೆಂದರೆ, ಯಾರಾದರೂ ಕೆಮ್ಮಿದರೆ ಪಕ್ಕದಲ್ಲಿದ್ದವರ ಕೈ ತಾನಾಗಿಯೇ ಹೋಗಿ ನಾಡಿ ಹಿಡಿಯುತ್ತದೆ. ನನ್ನ ತಾಯಿ ನರ್ಸು. ತಾಯಿಯ ತಾಯಿ, ನಾವೆಲ್ಲ ಆಯಿ ಎನ್ನುವವಳು, ನರ್ಸಾಗಿ ನಿವೃತ್ತಿಯಾದವಳು. ಅರ್ಧ ಬೀದರನ್ನು ತಾನೇ ಹೆರಿಗೆ ಮಾಡಿಸಿ ಭೂಮಿಗೆ ಇಳಿಸಿದ್ದೇನೆ ಎಂದು ಹೇಳಿಕೊಳ್ಳುತ್ತಾಳೆ. ಇನ್ನರ್ಧದವರೂ ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತಾರೆ, ಸುಮ್ಮನೆ ಯಾಕೆ ತಂಟೆ ಎಂದು. ತಾಯಿಯ ತಂಗಿ, ಅಂದರೆ ನನ್ನ ಮೌಶಿ, ಅವಳೂ ನರ್ಸು. ನಾನು ಮಾತ್ರ ಪಿಯುಸಿ ಕಾಮರ್ಸ್. ನಮ್ಮ ಮನೆಯಲ್ಲಿ ಇದನ್ನು ಮೆಲ್ಲಗೆ ಹೇಳುತ್ತಾರೆ.

ಮೌಶಿ ಮತ್ತು ಅವಳ ಗಂಡ, ನಮ್ಮ ಕಾಕಾ, ಕೆನಡಾದಲ್ಲಿದ್ದಾರೆ. ಅವಳು ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಮಾಡುತ್ತಾಳೆ, ಕಾಕಾ ಬ್ರೆಡ್ಡಿನ ಕಾರ್ಖಾನೆಯಲ್ಲಿ. ಇಬ್ಬರಿಗೂ ಅಲ್ಲಿ ಪಿ.ಆರ್. ಸಿಕ್ಕಿದೆ. ಪಿ.ಆರ್. ಅಂದರೆ ಅಲ್ಲಿಯ ಖಾಯಂ ನಿವಾಸಿಗಳು: ಇರಬಹುದು, ದುಡಿಯಬಹುದು, ಆದರೆ ಇನ್ನೂ ಅಲ್ಲಿಯ ಪ್ರಜೆಗಳಲ್ಲ. ಅದು ಸಿಕ್ಕ ದಿನ ಆಯಿ ಓಣಿಗೆಲ್ಲ ಪೇಢಾ ಹಂಚಿದ್ದಳು. ಅದಾಗಿ ಸ್ವಲ್ಪ ದಿನಕ್ಕೆ ಮೌಶಿ ಬಸುರಿ ಎಂಬ ಸುದ್ದಿ ಬಂತು. ಆಯಿ ಪೇಢಾದ ಡಬ್ಬಿ ಮುಚ್ಚಿಟ್ಟು ಸೀದಾ ಫೋನಿಗೆ ಕೂತಳು.

"ಮೊದಲ ಹೆರಿಗಿ ತವರಾಗೇ ಆಗಬೇಕು," ಎಂದು ಪ್ರತಿ ಭಾನುವಾರ ಚರ್ಚಿನಿಂದ ಬಂದ ಕೂಡಲೇ ವಿಡಿಯೊ ಕಾಲ್ ಹಚ್ಚಿ ಹೇಳುತ್ತಿದ್ದಳು. "ನಾ ಕಮಠಾಣದಾಗ ನಮ್ಮವ್ವನ ಮನ್ಯಾಗ ಹಡದೀನಿ. ನಿಮ್ಮಕ್ಕ ಇಲ್ಲಿ ಹಡದಾಳ. ನೀ ಏನು ಐಸಿನ್ಯಾಗ ಹಡೀತಿ?"

"ಇಲ್ಲಿ ದವಾಖಾನಿ ಛಲೋ ಅದ ಅವ್ವಾ," ಎನ್ನುತ್ತಿದ್ದಳು ಮೌಶಿ.

"ದವಾಖಾನಿ ಛಲೋ ಇರ್ತದ. ಬೆನ್ನಿಗಿ ಬಿಸಿನೀರು ಹಾಕವರು ಯಾರು?"

ಬಿಸಿನೀರಿನ ಪ್ರಶ್ನೆಗೆ ಕೆನಡಾ ಸರ್ಕಾರದ ಬಳಿ ಉತ್ತರವಿರಲಿಲ್ಲ. ಏಳನೇ ತಿಂಗಳಿಗೆ ಮೌಶಿ ವಿಮಾನ ಹತ್ತಿ ಬಂದಳು. ಕೂಸು ಬೀದರಿನಲ್ಲಿ ಹುಟ್ಟಿತು, ಹೆಣ್ಣು ಕೂಸು. ಬಿಸಿನೀರು ಧಾರಾಳವಾಗಿ ಬಿತ್ತು. ಮನೆಯ ತುಂಬ ಬಾಣಂತಿಗೆ ಹಾಕುವ ಶೇಪು, ಬಜೆ ಬೇರು, ಸಾಂಬ್ರಾಣಿಯ ಹೊಗೆ. ಆ ಹೊಗೆಯಲ್ಲಿ ನಾನು ಅಕೌಂಟ್ಸ್ ಪುಸ್ತಕವನ್ನು ಎಷ್ಟೋ ದಿನ ಕಳೆದುಕೊಂಡಿದ್ದೆ, ಹುಡುಕಲೂ ಇಲ್ಲ.

ಇಷ್ಟೆಲ್ಲ ಓದಿದ ನರ್ಸುಗಳು ತುಂಬಿದ ಮನೆಯಲ್ಲಿ ಒಬ್ಬರಿಗೂ ಒಂದು ಸಣ್ಣ ಮಾತು ಹೊಳೆದಿರಲಿಲ್ಲ. ಅದು ಹೊಳೆದದ್ದು ಟಿಕೆಟ್ ಬುಕ್ ಮಾಡುವ ಹುಡುಗನಿಗೆ. ಬೇಸಿಗೆಗೆ ವಾಪಸು ಹೋಗಲು ಟಿಕೆಟ್ ಹೇಗಿದೆ ಎಂದು ಮೌಶಿ ಅವನಿಗೆ ಫೋನ್ ಮಾಡಿದ್ದಳು. ಸ್ಪೀಕರ್ ಆನ್ ಇತ್ತು, ನಮ್ಮ ಮನೆಯಲ್ಲಿ ಸ್ಪೀಕರ್ ಇಲ್ಲದೆ ಯಾರೂ ಮಾತಾಡುವುದಿಲ್ಲ.

"ಪಾಪುಂದು ಪಾಸ್‌ಪೋರ್ಟ್ ಅದ ಏನ್ರಿ ಮೇಡಂ?" ಅವನು ಕೇಳಿದ.

"ಇಲ್ರಿ. ಈಗಷ್ಟೇ ಹುಟ್ಟ್ಯಾದ."

"ಮತ್ತ ಅಲ್ಲಿಂದು ವೀಸಾ, ಪಿ.ಆರ್., ಏನರೆ?"

ಆಯಿ ಫೋನು ಕಸಿದುಕೊಂಡಳು. "ತಮ್ಮಾ, ಕೂಸು ತಾಯಿ ತೊಡಿ ಮ್ಯಾಲ ಕೂಡ್ತದ. ಅದಕ್ಕ ಬ್ಯಾರೆ ಸೀಟು ಬ್ಯಾಡ."

"ಆಯಿ, ಸೀಟಿನ ಮಾತಲ್ರಿ ಇದು," ಎಂದ ಹುಡುಗ. "ದೇಶದ ಮಾತು."

ಅಲ್ಲಿಗೆ ಗೊತ್ತಾಯಿತು. ಕೂಸು ಕೆನಡಾದಲ್ಲಿ ಹುಟ್ಟಿದ್ದರೆ ಹುಟ್ಟುತ್ತಲೇ ಅಲ್ಲಿಯದಾಗುತ್ತಿತ್ತು. ಹುಟ್ಟಿದ್ದು ಬೀದರಿನಲ್ಲಿ. ತಾಯಿ ಅಲ್ಲಿಯ ಖಾಯಂ ನಿವಾಸಿ, ತಂದೆ ಅಲ್ಲಿಯ ಖಾಯಂ ನಿವಾಸಿ, ಮಗಳು ಮಾತ್ರ ಚರ್ಚಿನ ಹಿಂದಿನ ಓಣಿಯ ಖಾಯಂ ನಿವಾಸಿ. ಅವಳನ್ನು ಅಲ್ಲಿಗೆ ಕರೆಸಿಕೊಳ್ಳಬೇಕಾದರೆ ತಂದೆತಾಯಿಗಳಲ್ಲಿ ಒಬ್ಬರು ಅರ್ಜಿ ಹಾಕಿ ಸ್ಪಾನ್ಸರ್ ಮಾಡಬೇಕು.

"ಸ್ಪಾನ್ಸರ್ ಅಂದ್ರ?" ಆಯಿ ನನ್ನನ್ನು ಕೇಳಿದಳು.

"ಕ್ರಿಕೆಟ್ ಟೂರ್ನಮೆಂಟಿನ ಬ್ಯಾನರ್ ಮ್ಯಾಲ ಫೋಟೊ ಇರ್ತದಲ್ಲ ಆಯಿ, ಅವರು."

"ಹೊಟ್ಟ್ಯಾಗ ಹುಟ್ಟಿದ ಮಗಳಿಗಿ ಅಪ್ಪ ಸ್ಪಾನ್ಸರ್ ಆಗಬೇಕಾ? ಇಷ್ಟು ದಿನ ಏನಾಗಿದ್ದ ಹಂಗಾರ?"

ಆ ಸಂಜೆ ಕಾಕಾ ವಿಡಿಯೊದಲ್ಲಿ ಬಂದರು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಕಾರ್ಖಾನೆಯ ಟೋಪಿ ಹಾಕಿಕೊಂಡು ಹೊರಟು ನಿಂತಿದ್ದರು. "ನಾನೇ ಅರ್ಜಿ ಹಾಕ್ತೇನ್ರಿ ಅತ್ತೆರ. ಆದ್ರ ಅರ್ಜಿ ಹಾಕವರು ಇಲ್ಲೇ ವಾಸ ಇರಬೇಕಂತ. ನಾ ಇಲ್ಲಿಂದ ಅಲ್ಲಾಡಂಗಿಲ್ಲ. ಕೂಸು ಬಂದ ಮ್ಯಾಲ ಬೇಕಂತ ಸೂಟಿನೂ ಎಲ್ಲ ಜೋಡಿಸಿ ಇಡ್ಲಕತ್ತೀನಿ. ಕೂಸಿಂದು ಪಾಸ್‌ಪೋರ್ಟ್ ಒಂದು ಆಗ್ಲಿ."

ಅರ್ಜಿ ಹಾಕಿದ ಮೇಲೂ ತಿಂಗಳುಗಟ್ಟಲೆ ಕಾಯಬೇಕಿತ್ತು. ಮೌಶಿಯ ಹೆರಿಗೆ ರಜೆ ಮುಗಿಯುವುದರೊಳಗೆ ಕೂಸಿಗೆ ಒಪ್ಪಿಗೆ ಬರದಿದ್ದರೆ ಅವಳು ಕೂಸನ್ನು ಬಿಟ್ಟು ಒಬ್ಬಳೇ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಮೌಶಿ ಅಳಲಿಲ್ಲ. ಕೂಸಿನ ಬಟ್ಟೆ ಮಡಚುತ್ತಾ ಹೇಳಿದಳು: "ಬಿಟ್ಟು ಹೋಗಾದು ಅನ್ನಾದು ಇಲ್ಲ. ಇವತ್ತೇ ಸುರು ಮಾಡಾದು."

ಸುರು ಮಾಡಿದ ಕೂಡಲೇ ನಿಂತಿತು. ನಗರಸಭೆಯ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿತ್ತು, ತಂದೆಯ ಹೆಸರಿತ್ತು. ಕೂಸಿನ ಹೆಸರಿನ ಜಾಗದಲ್ಲಿ ಒಂದು ಗೀಟು. ಪಾಸ್‌ಪೋರ್ಟಿನವರಿಗೆ ಗೀಟು ನಡೆಯುವುದಿಲ್ಲ.

ಕೂಸಿಗೆ ಹೆಸರೇ ಇರಲಿಲ್ಲ. ಹಾಲಿನಾಕೆ ಆಗಲೇ ಅದನ್ನು "ಕೆನಡಾ" ಎಂದು ಕರೆಯತೊಡಗಿದ್ದಳು. ದಿನಾ ಬೆಳಗ್ಗೆ ಬಾಗಿಲಲ್ಲಿ "ಕೆನಡಾ ಎದ್ದಾದೇನ್ರಿ?" ಎನ್ನುವಳು. ನಾನು ಗಂಭೀರವಾಗಿ, ಮೊಬೈಲಿನಲ್ಲಿ ಹುಡುಕಿ, ಕೇಳಿದರೆ ಕೆನಡಾದವರೇ ಎದ್ದು ನಿಲ್ಲುವಂಥ ಹೆಸರುಗಳನ್ನು ಆರಿಸಿ ಮೌಶಿಗೆ ತೋರಿಸಿದೆ. ಅವಳು ನೋಡಲೇ ಇಲ್ಲ. "ಹೆಸರು ಇಡಾದು ಸೋದರತ್ತಿ. ಆಕಿ ಹಕ್ಕು ನಾ ಕಸಗೊಳ್ಳಂಗಿಲ್ಲ," ಎಂದಳು. ಕಾಕಾನೂ ಅದೇ ಮಾತು: ಅಕ್ಕ ಇಟ್ಟ ಹೆಸರೇ ಬೇಕು.

ನಮ್ಮಲ್ಲಿ ಚರ್ಚಿನ ದೀಕ್ಷಾಸ್ನಾನ ಆಮೇಲೆ, ಮೊದಲು ಮನೆಯಲ್ಲಿ ತೊಟ್ಟಿಲು. ಕೂಸಿನ ತಂದೆಯ ಅಕ್ಕನೋ ತಂಗಿಯೋ ಬಂದು ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಹೇಳಿದ ಕ್ಷಣ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ನನ್ನನ್ನು ಕೇಳಬೇಡಿ. ಪ್ರೀತಿಯ ಗುದ್ದು ಎನ್ನುತ್ತಾರೆ. ನಾನು ನೋಡಿದ ಒಂದು ತೊಟ್ಟಿಲ ಕಾರ್ಯದಲ್ಲಿ ಪ್ರೀತಿ ಎಷ್ಟಿತ್ತೆಂದರೆ ಸೋದರತ್ತೆ ಬಗ್ಗಿದವಳು ಊಟದ ಹೊತ್ತಿನವರೆಗೆ ನೆಟ್ಟಗಾಗಲಿಲ್ಲ, ಎಲೆಯ ಮುಂದೆಯೂ ಹಾಗೇ ಬಂದು ಕೂತಳು.

ಈ ಕೂಸಿನ ಸೋದರತ್ತೆ ಭಾಲ್ಕಿಯಲ್ಲಿ ಸಾಲೆಯ ಟೀಚರು. ಊರು ಔರಾದ್ ತಾಲೂಕಿನ ಡಾಬಕಾ. ಅವರ ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು, ಅಂದರೆ ನಮ್ಮ ಕಾಕಾನನ್ನು, ಅವರೇ ಎತ್ತಿ ಆಡಿಸಿ, ತಮ್ಮದೇ ಕ್ಲಾಸಿನಲ್ಲಿ ಕೂರಿಸಿ ಅಕ್ಷರ ಕಲಿಸಿ ದೊಡ್ಡವನನ್ನಾಗಿ ಮಾಡಿದವರು. ಅದರಲ್ಲೇ ಸ್ವಂತ ಮದುವೆಯ ವಯಸ್ಸು ಕಳೆದುಕೊಂಡವರು. ತೊಟ್ಟಿಲಿಗೆ ಬರಬೇಕೆಂದು ನನ್ನ ತಾಯಿ ಫೋನಿನಲ್ಲಿ ಕರೆದಳು. ಬೆನ್ನು ನೋವು, ಬಸ್ಸು ಹತ್ತಲಾಗುವುದಿಲ್ಲ ಎಂದರು. ಇನ್ನೊಮ್ಮೆ ಕರೆದಳು. ಬೆನ್ನಿಗೆ ಪೆಟ್ಟು ಬೀಳಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದರು. ಮನೆಯ ನರ್ಸುಗಳೆಲ್ಲ ಕೂತು ಆ ಬೆನ್ನಿಗೆ ತಲೆಗೊಂದು ರೋಗ ಹುಡುಕಿದರು. ಒಬ್ಬಳು ಡಿಸ್ಕು ಎಂದಳು, ಒಬ್ಬಳು ಸುಣ್ಣದ ಅಂಶ ಕಡಿಮೆ ಎಂದಳು. ಮೌಶಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನು ಎದ್ದು ನಿಂತು, "ನಾ ಕರ್ಕೊಂಡು ಬರ್ತೇನಿ," ಎಂದೆ.

"ನೀ?" ಎಂದಳು ನನ್ನ ತಾಯಿ.

"ನನ್ನ ಬಾಯಿ ಮುಂದ ಬೆನ್ನು ನೋವು ನಿಲ್ತದೇನು?"

ತಾಯಿ ಬಸ್ಸಿನ ದುಡ್ಡು ಎಣಿಸಿ ನನ್ನ ಕೈಗಿಟ್ಟಳು. ಆಯಿ ಮಾತ್ರ ತಾನೂ ಬರುತ್ತೇನೆಂದು ಚೀಲ ಇಳಿಸಿದಳು. ಮಗಳನ್ನು ತವರಿಗೆ ಕರೆಸಿದವಳು ತಾನು, ಆದ್ದರಿಂದ ಈ ಗಂಟು ಬಿಡಿಸುವವಳೂ ತಾನೇ ಎಂಬುದು ಅವಳ ಮುಖದ ಮೇಲೇ ಇತ್ತು. ಚೀಲದಲ್ಲಿ ಸೋದರತ್ತೆಗೆ ಸೀರೆ, ಕುಪ್ಪಸದ ಖಣ, ಬಳೆ, ಬಾಣಂತಿಗೆ ಮಾಡಿದ ಅಂಟಿನುಂಡೆ, ಬೆನ್ನಿಗೆ ಹಚ್ಚುವ ಎಣ್ಣೆ. ಬೀದರ ಕೋಟೆಯ ತೋಪನ್ನು ಯಾರೋ ಅದರಲ್ಲಿಟ್ಟು ಜಿಪ್ಪು ಹಾಕಿದಂತಿತ್ತು, ಹೊತ್ತವಳು ನಾನು.

ಶನಿವಾರ ಬೆಳಗಿನ ಸಾಲೆ. ನಾವು ಭಾಲ್ಕಿಯಲ್ಲಿ ಬಸ್ಸಿಳಿದು ಸಾಲೆಯ ಗೇಟು ತಲುಪುವಾಗ ಬಿಡುವ ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಸುರಿದರು. ಒಳಗೆ ವರಾಂಡದಲ್ಲಿ ಅತ್ತೆ ಇದ್ದರು. ಒಂದು ಉದ್ದನೆಯ ಬೆಂಚನ್ನು ಒಬ್ಬರೇ ಎತ್ತಿ, ಸೊಂಟಕ್ಕೆ ಆನಿಸಿಕೊಂಡು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸುತ್ತಿದ್ದರು. ನಮ್ಮನ್ನು ಕಂಡು ಬೆಂಚನ್ನು ಕೆಳಗಿಟ್ಟರು. ಆಮೇಲೆ, ನಿಧಾನವಾಗಿ ನೆನಪು ಮಾಡಿಕೊಂಡವರಂತೆ, ಸೊಂಟದ ಮೇಲೆ ಕೈ ಇಟ್ಟರು.

"ಬರ್ರಿ ಬೀಗರ. ಇಷ್ಟು ದೂರ?"

"ನಿಮ್ಮ ಬೆನ್ನು ನೋಡಾಕ ಬಂದೀವ್ರಿ," ಎಂದಳು ಆಯಿ. "ನಾ ನರ್ಸ್ ಇದ್ದಾಕಿ. ತಿರುಗ್ರಿ, ನೋಡೋಣ."

"ಬೆನ್ನಿಂದು ಬಿಡ್ರಿ ದೊಡ್ಡವ್ವ. ಚಾ ಕುಡೀರಿ ಮೊದ್ಲ."

ಚಹಾ ಬಂತು. ನಾನು ಸಮಯ ವ್ಯರ್ಥ ಮಾಡುವವಳಲ್ಲ. "ಅತ್ತಿ, ಕೂಸಿನ ಫೋಟೊ ಕಳ್ಸಿದ್ದೆ. ನೋಡಿದ್ರೇನ್ರಿ?"

"ಇಲ್ಲವ್ವ. ನನ್ನ ಫೋನಿನ್ಯಾಗ ಜಾಗ ಇಲ್ಲ. ತೆಗೆದೇ ಇಲ್ಲ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವರ ಫೋನಿಗೆ ಯಾವುದೋ ಮೆಸೇಜು ಬಂದು ಪರದೆ ಬೆಳಗಿತು. ಪರದೆಯ ತುಂಬ ನಮ್ಮ ಕೂಸು. ತಲೆಗೆ ಹಳದಿ ಕುಲಾಯಿ, ಆಕಳಿಸಿದ ಬಾಯಿ. ನಾನೇ ತೆಗೆದ ಫೋಟೊ, ನನ್ನ ಹೆಬ್ಬೆರಳಿನ ತುದಿಯೂ ಮೂಲೆಯಲ್ಲಿತ್ತು. ಅತ್ತೆ ಫೋನನ್ನು ಬೋರಲು ಹಾಕಿ, ಅದರ ಮೇಲೆ ಹಾಜರಿ ಪುಸ್ತಕ ಇಟ್ಟು, ಪುಸ್ತಕದ ಮೇಲೆ ಚಹಾದ ಕಪ್ಪು ಇಟ್ಟರು. ನಾನು ನೋಡಲಿಲ್ಲ ಎಂಬಂತೆ ಫ್ಯಾನು ನೋಡಿದೆ. ಆಯಿ ನಿಜವಾಗಿಯೂ ನೋಡಿರಲಿಲ್ಲ, ಅವಳ ಕಣ್ಣು ಆ ಬೆಂಚಿನ ಮೇಲಿತ್ತು.

"ತೊಟ್ಟಿಲಿಗಿ ಬರ್ರಿ ಯವ್ವಾ," ಎಂದಳು ಆಯಿ. "ನೀವು ಹೆಸರು ಇಡಲಿಲ್ಲಂದ್ರ ಪಾಸ್‌ಪೋರ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲಂದ್ರ ಅರ್ಜಿ ಇಲ್ಲ. ತಾಯಿ ಒಂದು ಕಡಿ, ಕೂಸು ಒಂದು ಕಡಿ ಆಗ್ತದ."

"ನಾ ಈಗ ಊರಿಗಿ ಹೊಂಟೀನ್ರಿ. ತೊಗರಿ ರಾಶಿ ಅದ."

"ನಾವೂ ಬರ್ತೀವಿ."

"ಬರ್ರಿ. ಹಾದಿ ಸರ್ಕಾರದ್ದು. ಬ್ಯಾಡ ಅನ್ನಾಕ ನಾ ಯಾರು?"

ಹೀಗೆಂದು ಅತ್ತೆ ಸಾಲೆಯ ಇನ್ನೊಬ್ಬ ಟೀಚರಿನ ಸ್ಕೂಟಿಯ ಹಿಂದೆ ಕೂತು ಹೊರಟೇ ಹೋದರು. ಆ ರಸ್ತೆಯ ಗುಂಡಿಗಳಲ್ಲಿ ಸ್ಕೂಟಿ ಹಾರಿದ ರೀತಿ ನೋಡಿದರೆ ಡಿಸ್ಕು ಇದ್ದವರಿಗೆ ಆ ಧೈರ್ಯ ಬರುವುದಿಲ್ಲ.

ಬಸ್ ಸ್ಟ್ಯಾಂಡಿನಿಂದ ನಾನು ಮೌಶಿಗೆ ಫೋನ್ ಮಾಡಿದೆ. ಬೆಂಚಿನ ಕಥೆಯನ್ನು ಹೇಳಿದೆ, ಒಂದು ಬೆಂಚನ್ನು ಎರಡು ಮಾಡಿದೆ, ಎರಡನೆಯದರ ಮೇಲೆ ಒಬ್ಬ ಹುಡುಗನನ್ನೂ ಕೂರಿಸಿದೆ. ಮೌಶಿ ನಗಲಿಲ್ಲ. ಆಮೇಲೆ ಫೋಟೊದ ಮಾತು ಹೇಳಿದೆ. ಇದನ್ನು ಎಳೆಯಲಿಲ್ಲ, ಎಳೆಯಬೇಕು ಅನ್ನಿಸಲಿಲ್ಲ.

"ಫೋನಿನ ಮ್ಯಾಲ? ಕೂಸಿಂದು?"

"ಹೂಂ. ಹಳದಿ ಕುಲಾಯಿದು."

ಆಚೆ ಕೂಸು ಬಿಕ್ಕುವುದು ಕೇಳುತ್ತಿತ್ತು. "ಸರಿ. ನೀವು ನಡೀರಿ ಡಾಬಕಾಕ್ಕ. ಇಡು," ಎಂದು ಮೌಶಿ ಕಾಲ್ ಕತ್ತರಿಸಿದಳು.

ಔರಾದ್ ಕಡೆಯ ಬಸ್ಸಿನಲ್ಲಿ ನಮ್ಮ ಪಕ್ಕಕ್ಕೆ ಮೆಹಕರದ ಒಬ್ಬ ರೈತರು ಕೂತಿದ್ದರು, ಅರ್ಧ ಕನ್ನಡ ಅರ್ಧ ಮರಾಠಿ. ಚೀಲ ನೋಡಿ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು. ಆಯಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅವರು ತಂಬಾಕು ತಿಕ್ಕುತ್ತಾ ವಿಚಾರ ಮಾಡಿ, "ಮಾವಶಿ, ಅಷ್ಟು ದೂರ ಒಯ್ಯೋ ಕೂಸಿಗಿ ಹೆಸರು ಇಡಾಕ ಆ ಹೆಣ್ಮಗಳು ಯಾಕ ಹೂಂ ಅಂತಾಳ?" ಎಂದರು. ಆಯಿ ಕಿಟಕಿಯ ಕಡೆ ತಿರುಗಿದಳು. ಔರಾದ್ ಬರುವವರೆಗೆ ಅವಳು ಬಾಯಿ ತೆರೆಯಲಿಲ್ಲ. ನಮ್ಮ ಆಯಿ ಅಷ್ಟು ದೂರ ಸುಮ್ಮನೆ ಕೂತದ್ದನ್ನು ನೀವು ನಂಬುವುದಿಲ್ಲ, ಆದರೆ ಇದೂ ಎಳೆದದ್ದಲ್ಲ.

ಔರಾದಿನಿಂದ ಡಾಬಕಾಕ್ಕೆ ಕ್ರೂಸರ್ ಜೀಪು. ಅದರೊಳಗೆ ಎಷ್ಟು ಜನ ಇದ್ದರೆಂದರೆ ನನ್ನ ಮೊಣಕಾಲು ಯಾವುದು, ಪಕ್ಕದವಳದು ಯಾವುದು ಎಂದು ಚಿವುಟಿ ನೋಡಬೇಕಾಯಿತು.

"ಆಯಿ, ಚೀಲಕ್ಕೂ ಜಾಗ ಹಿಡಿದ್ರ ಹ್ಯಾಂಗ್ರಿ?" ಡ್ರೈವರ್ ಕೇಳಿದ.

"ಅದರಾಗ ಕೆನಡಾ ಅದ," ಎಂದಳು ಆಯಿ. ಜೀಪಿನವರೆಲ್ಲ ಚೀಲದಿಂದ ಸ್ವಲ್ಪ ಸರಿದು ಕೂತರು.

ಅತ್ತೆಯ ಮನೆ ಊರಿನ ತುದಿಯಲ್ಲಿತ್ತು, ಮುಂದೆ ಅಂಗಳ, ಅಂಗಳದಲ್ಲಿ ತೊಗರಿ. ಕೆಲಸದವರು ಊಟಕ್ಕೆ ಹೋಗಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬರೇ ತೊಗರಿಯ ಮೂಟೆಯೊಂದನ್ನು ಬೆನ್ನ ಮೇಲೆ ಹೊತ್ತು ಒಳಗೆ ಒಯ್ಯುತ್ತಿದ್ದರು. ನಮ್ಮನ್ನು ಕಂಡ ಮೇಲೂ ಇಳಿಸಲಿಲ್ಲ. ಒಳಗಿಟ್ಟು ಬಂದು, ಕೈ ಝಾಡಿಸಿ, "ಕೂಡ್ರಿ," ಎಂದರು. ಬೆನ್ನಿನ ವಿಷಯ ಅಲ್ಲಿಗೆ ಮುಗಿದಿತ್ತು. ಎಣ್ಣೆಯ ಶೀಸೆಯನ್ನು ಆಯಿ ಚೀಲದ ತಳಕ್ಕೆ ನೂಕಿದಳು.

ಆಗ ನಾನು ಸುರು ಮಾಡಿದೆ. ಅಂಗಳದ ನಡುವೆ ನಿಂತು, ನಮ್ಮ ಕೂಸಿನ ವರ್ಣನೆ. ಅದು ಸೀನಿದರೆ ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ. ಅದು ಅತ್ತರೆ ಚರ್ಚಿನ ಗಂಟೆ ಬಾರಿಸುವವನು ತನ್ನ ಕೆಲಸ ಹೋಯಿತು ಎಂದು ಎದ್ದು ಕೂರುತ್ತಾನೆ. ಅದಕ್ಕೆ ಕಾಕಾನದೇ ಮೂಗು, ಆದರೆ ಹಣೆ ಮಾತ್ರ ಸೋದರತ್ತೆಯದು. ಮಗ್ಗಿ ತಪ್ಪಿದವರನ್ನು ನೋಡುವ ಹಾಗೆ ಈಗಲೇ ಎಲ್ಲರನ್ನೂ ನೋಡುತ್ತದೆ. ಅತ್ತೆ ಮೊರ ಎತ್ತಿಕೊಂಡು ತೊಗರಿ ಹಸನು ಮಾಡುತ್ತಾ ಕೂತರು. ಮೊರದ ಹಿಂದೆ ಅವರ ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

"ಹುಡುಗಿ ಛಲೋ ಮಾತಾಡ್ತಾಳ," ಎಂದರು ಆಯಿಗೆ. "ಯಾವ ಸಾಲಿ?"

"ಕಾಮರ್ಸ್," ಎಂದಳು ಆಯಿ, ಮೆಲ್ಲಗೆ. ಆಮೇಲೆ ಸೀರೆ ತೆಗೆದು ಅತ್ತೆಯ ಮುಂದೆ ಇಟ್ಟಳು. "ತಗೊಳ್ರಿ ಯವ್ವಾ. ಬಂದು ಕೂಸಿಗಿ ಹೆಸರು ಹೇಳ್ರಿ."

ಅತ್ತೆ ಸೀರೆ ಮುಟ್ಟಲಿಲ್ಲ. ಮೊರ ಕೆಳಗಿಟ್ಟರು. "ನನ್ನ ತಮ್ಮ ಒಂದು ಮೆಸೇಜ್ ಹಾಕ್ಯಾನ ದೊಡ್ಡವ್ವ. 'ಅಕ್ಕಾ, ಕೂಸಿಗಿ ಹೆಸರು ಇಡು.' ಮುಂದ ಕೈ ಮುಗಿದ ಚಿತ್ರ. ತೊಟ್ಟಿಲಿಗಿ ಅಕ್ಕನ್ನ ಕರೀಲಿಕ್ಕ ತಮ್ಮ ಬರ್ತಾನ, ಚಿತ್ರ ಬರ್ತದೇನು?"

"ಅವರಿಗಿ ಬರಾಕ ಬರಂಗಿಲ್ರಿ ಅತ್ತಿ," ಎಂದೆ. "ಅರ್ಜಿ ಹಾಕವರು ಅಲ್ಲೇ ಇರಬೇಕಂತ. ಸೂಟಿನೂ ಕೂಸು ಹೋದ ಮ್ಯಾಲ ಬೇಕಂತ ಇಟ್ಟಾರ."

"ಗೊತ್ತದ. ಓದೀನಿ. ನಾನೂ ಮೊಬೈಲ್ ನೋಡ್ತೇನಿ." ಅತ್ತೆ ಅಂಗಳದ ಆಚೆ ರಸ್ತೆಯ ಕಡೆ ನೋಡುತ್ತಿದ್ದರು. "ಹೆಸರು ಇಟ್ಟೆ ಅಂತ ತಿಳೀರಿ. ಪಾಸ್‌ಪೋರ್ಟ್ ಆತು, ಅರ್ಜಿ ಆತು, ಕೂಸೂ ಹೋತು. ಆಮ್ಯಾಲ ಅಂವ ಈ ಕಡಿ ಬರಾಕ ಏನು ಉಳಿತದ? ತೊಗರಿ ರಾಶಿ ನೋಡಾಕ ಬರ್ತಾನ? ಹೆಸರಿಲ್ಲದ ತನಕ ಅದು ಇಲ್ಲಿಂದು. ಮಗಳು ಇದ್ದಲ್ಲಿಗಿ ಅಪ್ಪ ಬರಲೇಬೇಕು."

ಬಸ್ಸಿನಲ್ಲಿ ಮೆಹಕರದ ರೈತರು ಹೇಳಿದ್ದೂ ಇದೇ. ನನ್ನ ಬಳಿ ತಯಾರಾಗಿದ್ದ ಹಾಸ್ಯಗಳೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. ಮಾತಾಡಿದ್ದು ಆಯಿ.

"ತವರಿಗಿ ಬಾ ಅಂತ ಆಕಿನ್ನ ಕರಸ್ದಾಕಿ ನಾ. ಬಿಸಿನೀರು ಅಂದೆ. ಬಿಸಿನೀರು ಅಲ್ಲಿ ನಳದಾಗೇ ಬರ್ತದಂತ. ಮಗಳು ನಾಕು ದಿನ ಕಣ್ಣ ಮುಂದ ಇರ್ಲಿ ಅಂತ ಕರಸ್ದೆ, ಅಷ್ಟೇ. ನೀವೂ ಅದೇ ಮಾಡ್ಲಕತ್ತೀರಿ ಯವ್ವಾ. ನಾ ಒಂದು ಕಡಿ ಹಿಡದೀನಿ, ನೀವು ಒಂದು ಕಡಿ. ನಡುವ ಕೂಸು ಸಿಕ್ಕಾದ."

ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದರು. ಅದು ಕಲ್ಲಲ್ಲ, ತೊಗರಿಯೇ.

ಇನ್ನು ತಡೆದರೆ ಕೆಲಸ ಕೆಡುತ್ತದೆ ಎಂದು ನಾನು ನನ್ನ ಕಡೆಯ ಅಸ್ತ್ರ ತೆಗೆದೆ, ಫೋನು. "ಅತ್ತಿ, ನೀವು ಬರಾದು ಬ್ಯಾಡ. ನಾ ವಿಡಿಯೊ ಕಾಲ್ ಹಚ್ಚತೇನಿ. ಮೌಶಿ ಅಲ್ಲಿ ಫೋನ್ ಕೂಸಿನ ಕಿವಿಗಿ ಹಿಡೀತಾಳ. ಇಲ್ಲಿಂದ ಕುರ್ರ್ ಅನ್ರಿ. ಕಾಕಾನ್ನೂ ಕೆನಡಾದಿಂದ ಅದರಾಗೇ ಕೂಡಸ್ತೇನಿ. ಎಲ್ಲರೂ ಬಂದಂಗ ಆತು."

"ಮತ್ತ ಗುದ್ದು?" ಎಂದರು ಅತ್ತೆ. "ಗುದ್ದೂ ಫೋನಿನ್ಯಾಗೇ ಹಾಕ್ತಿ ಏನು?"

"ಅದು ಇಲ್ಲಿ ಆಯಿ ಹಾಕ್ತಾಳ್ರಿ. ಆಕಿ ಕೈ ನೀವು ನೋಡಿಲ್ಲ. ಆಕಿ ಇಂಜೆಕ್ಷನ್ ಕೊಟ್ಟವರು ಇವತ್ತಿಗೂ ಒಂದು ಮಗ್ಗಲಿಗೇ ಕೂಡ್ತಾರ."

"ಹುಚ್ಚಿ. ಫೋನಿನ್ಯಾಗ ಹೇಳಿದ ಹೆಸರು ಫೋನಿಗಿ ಆಗ್ತದ, ಕೂಸಿಗಿ ಆಗಂಗಿಲ್ಲ." ಅವರ ದನಿ ತಗ್ಗಿತು. "ನಾ ಇನ್ನೂ ಅದರ ಮಾರಿನೇ ನೋಡಿಲ್ಲ."

ಹಳದಿ ಕುಲಾಯಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಎಲ್ಲರೂ ನಗುತ್ತಿದ್ದರು. ನುಂಗಿಕೊಂಡೆ. ಅದರ ಬದಲು, ಸೋಲಬಾರದೆಂದು, ಹೊಸದೊಂದು ಭಾಷಣ ಎತ್ತಿದೆ: ಹೆಸರಿಲ್ಲದೆ ಬೆಳೆದು ಕಾಲೇಜಿಗೆ ಬಂದ ನಮ್ಮ ಕೂಸು, ಹಾಜರಿ ಕೂಗುವಾಗ ಮೇಷ್ಟರು "ಗೀಟು" ಎಂದು ಕರೆಯುವುದು, ಅದು ಎದ್ದು "ಹಾಜರ್ ಸರ್" ಎನ್ನುವುದು. ಕೈ ಮೇಲೆತ್ತಿ ಮೇಷ್ಟರ ದನಿ ತೆಗೆದಿದ್ದೆ, ಅತ್ತೆ ಮೊರದ ಹಿಂದೆ ಮತ್ತೆ ಮುಖ ಮುಚ್ಚಿಕೊಂಡಿದ್ದರು, ಅಂಗಳದ ಮುಂದೆ ಒಂದು ಆಟೊ ಬಂದು ನಿಂತಿತು.

ಬೀದರಿನ ಆಟೊ. ಬೀದರಿನಿಂದ ಡಾಬಕಾದವರೆಗೆ ಆಟೊ ಬಂದಿದೆ ಎಂದರೆ ನೀವು ಬಿಡಿ, ಡಾಬಕಾದವರೇ ನಂಬಲಿಲ್ಲ. ನಾಲ್ಕು ಹುಡುಗರು ಅದರ ಗಾಲಿ ಮುಟ್ಟಿ ನೋಡಿದರು. ಅದರೊಳಗಿಂದ ಮೌಶಿ ಇಳಿದಳು. ತಲೆಗೆ ಸ್ಕಾರ್ಫು, ಕಿವಿಯಲ್ಲಿ ಹತ್ತಿ, ಸೀರೆಯ ಮೇಲೆ ಕಾಕಾನ ಕೆನಡಾ ಜಾಕೆಟ್ಟು, ಕಾಲಿಗೆ ಸಾಕ್ಸು. ಎದೆಯ ಮೇಲೆ ಶಾಲಿನ ಗಂಟು, ಗಂಟಿನಲ್ಲಿ ಕೂಸು.

ಆಯಿ ಎದ್ದು ನಿಂತಳು. "ಯವ್ವಾ, ಬಾಣಂತಿ ನೀ. ಈ ಥಂಡ್ಯಾಗ..."

"ಗಪ್ ಕೂಡು ಅವ್ವಾ," ಎಂದಳು ಮೌಶಿ. "ತವರಿಗಿ ಬಾ ಅಂದಿ, ಬಂದೆ. ಹೊಸ್ತಿಲ ದಾಟಬ್ಯಾಡ ಅಂದಿ, ದಾಟಲಿಲ್ಲ. ಸಾಕು ಈಗ."

ಅವಳು ನನ್ನ ಕಡೆ ನೋಡಲೂ ಇಲ್ಲ. ನನ್ನ ಕೈ ಇನ್ನೂ ಮೇಲೇ ಇತ್ತು. ಸೀದಾ ಅತ್ತೆಯ ಮುಂದೆ ಬಂದು ನಿಂತು, ಶಾಲಿನ ಗಂಟು ಬಿಚ್ಚಿದಳು.

"ಅಕ್ಕೋರ, ಕರೀಲಿಕ್ಕ ನಿಮ್ಮ ತಮ್ಮಗ ಬರಾಕ ಆಗಲಿಲ್ಲ. ಅವರ ಮಗಳು ಬಂದಾಳ. ನೀವು ಹೆಸರು ಇಡಂಗಿಲ್ಲ ಅಂದ್ರ ಇಡಬ್ಯಾಡ್ರಿ. ನಾ ಬ್ಯಾರೆ ಹಾದಿ ಹುಡುಕ್ತೀನಿ, ಬಿಟ್ಟು ಅಂತೂ ಹೋಗಂಗಿಲ್ಲ. ಒಮ್ಮಿ ಎತ್ತಿಕೊಳ್ರಿ, ಅಷ್ಟೇ."

ಅತ್ತೆ ಕೈ ಸೀರೆಗೆ ಒರೆಸಿಕೊಂಡರು. ಒಂದು ಸಲ ಒರೆಸಿದರು, ನೋಡಿಕೊಂಡರು, ಮತ್ತೆ ಒರೆಸಿದರು. ಆಮೇಲೆ ಕೂಸನ್ನು ತೆಗೆದುಕೊಂಡರು. ಕೂಸು ಕಣ್ಣು ಬಿಟ್ಟು, ಮಗ್ಗಿ ತಪ್ಪಿದವರನ್ನು ನೋಡುವ ಹಾಗೆ ಅವರನ್ನೇ ನೋಡಿತು. ಆ ಮಾತು ನಾನು ಎಳೆದು ಹೇಳಿದ್ದೆ ಅಂದುಕೊಂಡಿದ್ದೆ, ಅದು ಹಾಗೇ ನೋಡಿತು.

"ಕಿವಿ ನನ್ನವ್ವಂದು," ಎಂದರು ಅತ್ತೆ, ಯಾರಿಗೂ ಅಲ್ಲ. ಆಟೊದವನು ನೀರು ಕೇಳಲು ಒಳಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಅತ್ತೆ ಕೂಸನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಕುಲಾಯಿಯನ್ನು ಸರಿಸಿ, ತಲೆ ಬಾಗಿಸಿ, ಬಾಯಿಯನ್ನು ಆ ಕಿವಿಗೆ ಹಚ್ಚಿದರು. ಕುರ್ರ್ ಎಂದದ್ದು ನಮಗೆಲ್ಲ ಕೇಳಿಸಿತು. ಅದರ ಮುಂದಿನದು ಕೂಸಿಗೆ ಮಾತ್ರ.

ಆಯಿಯ ಕೈ ಎದ್ದಿತು. ಆದರೆ ಅರ್ಧ ದಾರಿಯಲ್ಲಿ ಅದರ ಬಲವೆಲ್ಲ ಹೋಗಿ, ಧೂಳು ಒರೆಸಿದಂತೆ ಅತ್ತೆಯ ಬೆನ್ನಿನ ಮೇಲೆ ಬಂದು ಕೂತಿತು.

"ಬರೋಬ್ಬರಿ ಬಿದ್ದಿಲ್ಲ ದೊಡ್ಡವ್ವ," ಎಂದರು ಅತ್ತೆ, ತಲೆ ಎತ್ತದೆಯೇ. "ಇನ್ನೊಂದು ಹಾಕ್ರಿ."

ಆಯಿ ಹಾಕಿದಳು. ಈ ಸಲ ಆಟೊದವನು ಹಿಂದಕ್ಕೆ ಸರಿದ.

"ಅರ್ಜಿ ಒಪ್ಪಿಗಿ ಆಗೋ ತನಕ ಶನಿವಾರ ನಂದು," ಎಂದರು ಅತ್ತೆ ಮೌಶಿಗೆ. "ನಾನೇ ಬರ್ತೇನಿ ಬೀದರಕ್ಕ. ಬೆನ್ನಿಗಿ ಏನೂ ಆಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಏ ಕಾಮರ್ಸ್. ಆ ಕೈ ಕೆಳಗ ಇಳಸು. ಪೆನ್ನು ತಗೋ. ಒಂದೊಂದೇ ಅಕ್ಷರ ಹೇಳ್ತೇನಿ, ಬರೋಬ್ಬರಿ ಬರಕೋ. ಪಾಸ್‌ಪೋರ್ಟಿನ್ಯಾಗ ತಪ್ಪು ಬಿತ್ತಂದ್ರ ಅಲ್ಲಿ ತನಕ ಹೋಗಿ ತಿದ್ದಾಕ ನನಗ ಆಗಂಗಿಲ್ಲ."

ನನ್ನ ಭಾಷಣ ಇನ್ನೂ ಅರ್ಧ ಉಳಿದಿತ್ತು. ಮೌಶಿಯ ಮುಖ ನೋಡಿದೆ. ಪೆನ್ನು ತೆಗೆದೆ.